ಬಿಸಿಲು ನೋಡಿ ಅಲ್ಲ, ನೀರು ನೋಡಿ ಬಟ್ಟೆ ಹಾಕಿ

ಅಮೆರಿಕದ ಸಿಯಾಟಲ್ ಕಡೆ ಮೇ ತಿಂಗಳಿಗೆ ಒಳ್ಳೆಯ ಬಿಸಿಲು ಶುರುವಾಗುತ್ತದೆ. ಪ್ಯೂಜೆಟ್ ಸೌಂಡ್ ಎಂಬ ಅಲ್ಲಿನ ಒಳಗಡಲಲ್ಲಿ ಲಿಂಗ್‌ಕಾಡ್ ಮೀನು ಹಿಡಿಯಲು ಸಾಮಾನ್ಯವಾಗಿ ಅನುಮತಿ ಸಿಗುವುದೂ ಮೇ 1ರಿಂದ ಜೂನ್ ಮಧ್ಯದವರೆಗೆ. ಗಾಳಿ 20 ಡಿಗ್ರಿ ದಾಟಿದ ದಿನ ಟೀ ಶರ್ಟ್, ಚಡ್ಡಿಯಲ್ಲೇ ಕಯಾಕ್ (ಹುಟ್ಟು ಹಾಕುವ ಸಣ್ಣ, ಕಿರಿದಾದ ದೋಣಿ) ಹತ್ತಿಬಿಡೋಣ ಅನಿಸುತ್ತದೆ. ಆದರೆ ಕೆಳಗಿನ ನೀರು ಆಗಲೂ 10-11 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ಅದು 7-8ಕ್ಕೆ ಇಳಿಯುತ್ತದೆ. ಆ ಭಾಗದಲ್ಲಿ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರು ಬಹಳ. ಅವರಲ್ಲಿ ಯಾರಿಗಾದರೂ ಕಯಾಕ್‌ನಲ್ಲಿ ಕೂತು ಗಾಳ ಹಾಕುವ ಆಸೆ ಇದ್ದರೆ ಮೊದಲು ಬಟ್ಟೆಯ ವಿಚಾರ ಸರಿಯಾಗಿ ತಿಳಿದುಕೊಳ್ಳಬೇಕು. ರಾಡ್, ರೀಲು ಆಮೇಲೆ.

ನೀರಿಗೆ ಬಿದ್ದರೆ ಏನಾಗುತ್ತದೆ?

ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಈ ಅಪಾಯವನ್ನು 1-10-1 ಎಂಬ ಲೆಕ್ಕದಲ್ಲಿ ಹೇಳಿಕೊಡುತ್ತಾರೆ. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ತಣ್ಣೀರು ತಗುಲಿದ ಕ್ಷಣ ಬಾಯಿ ತಾನಾಗಿ ತೆರೆದು ದೊಡ್ಡ ಉಸಿರು ಎಳೆಯುತ್ತದೆ. ಆಗ ತಲೆ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಮುಂದಿನ 10 ನಿಮಿಷದಲ್ಲಿ ಕೈಕಾಲು ಹೇಳಿದ ಮಾತು ಕೇಳುವುದನ್ನು ಬಿಡುತ್ತವೆ. ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಜನ ಹೆದರುವುದು ಈ ಕೊನೆಯದಕ್ಕೆ. ಆದರೆ ಲೈಫ್ ಜಾಕೆಟ್ ಇಲ್ಲದ ಎಷ್ಟೋ ಜನ ಅಲ್ಲಿಯವರೆಗೂ ಉಳಿಯುವುದೇ ಇಲ್ಲ.

ಊರಿನ ಹೊಳೆ, ಬಾವಿಯಲ್ಲಿ ಈಜಿ ಬೆಳೆದವರಿಗೆ ಇದನ್ನು ಒತ್ತಿ ಹೇಳಬೇಕು. ನಿಮ್ಮ ಈಜು ಎಷ್ಟೇ ಚೆನ್ನಾಗಿದ್ದರೂ ಆ ಮೊದಲ ನಿಮಿಷದಲ್ಲಿ ಅದು ಕೈಗೆ ಬರುವುದಿಲ್ಲ.

ಒಳಗಿನಿಂದ ಶುರು ಮಾಡಿ

ಹತ್ತಿ ಬನಿಯನ್, ಹತ್ತಿ ಸಾಕ್ಸ್, ಜೀನ್ಸ್ ಮನೆಯಲ್ಲೇ ಇರಲಿ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಗಂಟಿ ಶಾಖ ಹೀರುತ್ತದೆ. ಮೈಗೆ ತಾಗುವ ಬಟ್ಟೆ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರ್ ಥರ್ಮಲ್ಲೋ ಆಗಿರಲಿ. ಅದರ ಮೇಲೆ ಫ್ಲೀಸ್. ನೀರು 10 ಡಿಗ್ರಿಗಿಂತ ಕೆಳಗಿದ್ದರೆ ಫ್ಲೀಸ್ ದಪ್ಪನೆಯದಿರಲಿ, ಕಾಲಿಗೂ ಬೇಕು. ದಡದಲ್ಲಿ ನಿಂತಾಗ ಸ್ವಲ್ಪ ಸೆಕೆ ಆಗುತ್ತದೆ, ನಿಜ. ಅಷ್ಟಕ್ಕೆ ಒಂದು ಪದರ ಕಳಚಬೇಡಿ. ಕೈಯಲ್ಲಿ ನೀರು ತೆಗೆದು ಕತ್ತಿಗೆ ಹಾಕಿಕೊಂಡರೆ ತಣ್ಣಗಾಗುತ್ತದೆ.

ಹೊರಗಿನ ಪದರ: ಡ್ರೈಸೂಟ್

ಡ್ರೈಸೂಟ್ ಅಂದರೆ ಮೈಪೂರ್ತಿ ಮುಚ್ಚುವ, ನೀರು ಒಳಗೆ ಬಿಡದ ಉಡುಪು. ಬೆಲೆ ಜಾಸ್ತಿ. ಆದರೂ ದುಡ್ಡು ಹಾಕುವುದಾದರೆ ಇಲ್ಲೇ ಹಾಕಿ. ಕತ್ತು ಮತ್ತು ಮಣಿಕಟ್ಟಿನಲ್ಲಿ ಲೇಟೆಕ್ಸ್ ರಬ್ಬರ್ ಪಟ್ಟಿ ಬಿಗಿಯಾಗಿ ಕೂತು ನೀರನ್ನು ತಡೆಯುತ್ತದೆ. ಬೆಚ್ಚಗಿಡುವುದು ಒಳಗಿನ ಬಟ್ಟೆ, ಸೂಟ್ ಅದನ್ನು ಒಣಗಿಡುತ್ತದೆ ಅಷ್ಟೇ. ಸುಮ್ನೆ ಡ್ರೈಸೂಟ್ ಒಂದನ್ನೇ ಹಾಕಿಕೊಂಡರೆ ಚಳಿ ತಡೆಯುವುದಿಲ್ಲ.

ಹಾಕಿಕೊಳ್ಳುವ ಮೊದಲು ಉಂಗುರ, ವಾಚ್, ಬಳೆ, ಕಡಗ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಯಿರಿ. ಉಂಗುರ, ಕಡಗ ತಗುಲಿದರೆ ರಬ್ಬರ್ ಹರಿಯುತ್ತದೆ. ಪಟ್ಟಿಯ ಕೆಳಗೆ ತೆಳ್ಳನೆ ದಾರ ಸಿಕ್ಕಿಕೊಂಡರೂ ಅದರ ಗುಂಟ ನೀರು ಇಳಿಯುತ್ತದೆ. ಚರ್ಮ ಒಡೆದಿದೆ ಎಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಎಣ್ಣೆ ತಾಗಿದರೆ ಲೇಟೆಕ್ಸ್ ಹಾಳಾಗುತ್ತದೆ. ಪಟ್ಟಿಯ ಒಳಗೆ ಸ್ವಲ್ಪ ಟಾಲ್ಕ್ ಪುಡಿ ಉದುರಿಸಿ. ಬೆರಳುಗಳನ್ನು ಒಟ್ಟುಗೂಡಿಸಿ, ಕೈಯನ್ನು ಆದಷ್ಟು ಸಣ್ಣ ಮಾಡಿ ನಿಧಾನವಾಗಿ ತೂರಿಸಿ. ಕತ್ತಿನ ಪಟ್ಟಿಯನ್ನು ಎರಡೂ ಕೈಯಿಂದ ಅಗಲಿಸಿ ತಲೆ ತೂರಿಸಬೇಕು. ಕಿವಿಯೋಲೆ, ಕೂದಲು ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಒಳಗಿನ ಬಟ್ಟೆಯ ಅಂಚು ಪಟ್ಟಿಯ ಕೆಳಗೆ ಇಣುಕಬಾರದು.

ಈಗ ಜಿಪ್. ಕೊನೆಯವರೆಗೂ ಎಳೆದಿದ್ದೀರಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಮೂತ್ರಕ್ಕೆಂದು ಬೇರೆ ಜಿಪ್ ಇದ್ದರೆ ಅದನ್ನೂ ಮರೆಯಬೇಡಿ. ಅರ್ಧ ತೆರೆದ ಜಿಪ್ಪಿನಿಂದ ನೀರು ನುಗ್ಗಿದರೆ ಇಷ್ಟು ದುಬಾರಿ ಸೂಟ್ ಹಾಕಿದ್ದೂ ದಂಡ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಮೊಣಕಾಲನ್ನು ಎದೆಗೊತ್ತಿ, ಕತ್ತಿನ ಪಟ್ಟಿಯನ್ನು ಒಂದು ಬೆರಳಿನಿಂದ ಸ್ವಲ್ಪ ಎತ್ತಿ. ಒಳಗಿನ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ. ಗಾಳಿ ಹಾಗೇ ಉಳಿದರೆ ಸೂಟ್ ಉಬ್ಬಿಕೊಂಡು ನೀರಿನಲ್ಲಿ ಈಜುವುದು, ಕಯಾಕ್ ಹತ್ತುವುದು ಎರಡೂ ಕಷ್ಟ.

ಗಾಳದ ಮುಳ್ಳಿನಿಂದ ಸೂಟ್‌ಗೆ ತೂತು ಬೀಳುವುದು ಸುಲಭ. ಲಿಂಗ್‌ಕಾಡ್ ಬಾಯಿ ತುಂಬ ಚೂಪು ಹಲ್ಲು ಬೇರೆ. ಹಿಡಿದ ಮೀನನ್ನು ತೊಡೆಯ ಮೇಲೆ ಒದ್ದಾಡಲು ಬಿಡಬೇಡಿ. ಮನೆಗೆ ಬಂದ ಮೇಲೆ ಸೂಟನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಡ್ರೈಸೂಟ್ ಕೈಗೆಟುಕದಿದ್ದರೆ ನಿಯೋಪ್ರಿನ್ (ಸ್ಪಂಜಿನಂಥ ರಬ್ಬರ್) ವೆಟ್‌ಸೂಟ್ ಇದೆ. ಅದು ನೀರನ್ನು ತಡೆಯುವುದಿಲ್ಲ. ಒಳಗೆ ಬಂದ ತೆಳ್ಳನೆ ನೀರು ಮೈ ಶಾಖಕ್ಕೆ ಬಿಸಿಯಾಗಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅದು ಮೈಗೆ ಬಿಗಿಯಾಗಿಯೇ ಇರಬೇಕು. ಒದ್ದೆ ಮೈಯಲ್ಲಿ ಗಾಳಿಗೆ ಕೂತರೆ ಚಳಿ ಹತ್ತುತ್ತದೆ, ಮೇಲೊಂದು ಗಾಳಿ ತಡೆಯುವ ಜಾಕೆಟ್ ಬೇಕು. ಎದೆಯವರೆಗಿನ ವೇಡರ್ಸ್ (ನೀರಿನಲ್ಲಿ ನಿಂತು ಮೀನು ಹಿಡಿಯುವವರು ತೊಡುವ, ನೀರು ಹಿಡಿಯದ ಪ್ಯಾಂಟು) ಹಾಕಿ ಹೋಗುವವರೂ ಇದ್ದಾರೆ. ಅದರೊಳಗೆ ತುಂಬಿದ ನೀರು ನಿಮ್ಮನ್ನು ಮುಳುಗಿಸುವುದಿಲ್ಲ. ಆದರೆ ಆ ಭಾರ ಹೊತ್ತು ಕಯಾಕ್ ಹತ್ತುವುದು ಬಹಳ ಕಷ್ಟ, ತಣ್ಣೀರು ನೇರ ಒಳಬಟ್ಟೆಗೇ ಬರುತ್ತದೆ. ಚಳಿನೀರಿಗೆ ವೇಡರ್ಸ್ ನಂಬಬೇಡಿ ಅನ್ನುವುದೇ ನನ್ನ ಅಭಿಪ್ರಾಯ.

ಕಾಲು, ಕೈ, ತಲೆ

ಉಣ್ಣೆ ಸಾಕ್ಸ್, ಮೇಲೆ ನಿಯೋಪ್ರಿನ್ ಬೂಟು. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ತಲೆಗೆ ಉಣ್ಣೆ ಟೋಪಿ, ಕಡುಚಳಿಯಿದ್ದರೆ ನಿಯೋಪ್ರಿನ್ ಹುಡ್. ಗ್ಲೌಸ್ ತೊಟ್ಟು ಗಂಟು ಹಾಕಲು ಆಗುವುದಿಲ್ಲ, ಹಾಗಾಗಿ ಗಾಳದ ದಾರಗಳನ್ನು ಮನೆಯಲ್ಲೇ ಕಟ್ಟಿಟ್ಟುಕೊಳ್ಳಿ.

ಎಲ್ಲದರ ಮೇಲೆ ಲೈಫ್ ಜಾಕೆಟ್

ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ದೊಡ್ಡವರು ಲೈಫ್ ಜಾಕೆಟ್ಟನ್ನು ಕಯಾಕ್‌ನಲ್ಲಿ ಇಟ್ಟುಕೊಂಡಿದ್ದರೂ ಸಾಕು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾತ್ರ ತೊಡುವುದು ಕಡ್ಡಾಯ. ದಯವಿಟ್ಟು ನೀವೂ ತೊಡಿ. ಉಸಿರು ಹಿಡಿತದಲ್ಲಿಲ್ಲದ ಆ ಒಂದು ನಿಮಿಷ ತಲೆಯನ್ನು ಮೇಲೆ ಹಿಡಿಯುವುದು ಅದೊಂದೇ. ಹಗ್ಗ ಎಳೆದರೆ ಉಬ್ಬುವ ಜಾಕೆಟ್ ಬೇಡ, ಆ ಕ್ಷಣದಲ್ಲಿ ಹಗ್ಗ ಹುಡುಕಲು ಆಗುತ್ತದೆ ಅನ್ನುವ ಖಾತ್ರಿ ಏನು? ನಿಮ್ಮ ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಸೀಟಿ ಮತ್ತು ನೀರು ತಡೆಯುವ ವಿಎಚ್ಎಫ್ ರೇಡಿಯೊ (ದೋಣಿಯವರು ಮಾತಾಡಲು, ಸಹಾಯ ಕೇಳಲು ಬಳಸುವ ಕೈ ರೇಡಿಯೊ) ಇರಲಿ. ಅಪಾಯಕ್ಕೆ ಚಾನೆಲ್ 16. ರೇಡಿಯೊವನ್ನು ಕಯಾಕ್‌ಗೆ ಸಿಕ್ಕಿಸಿದರೆ ಕಯಾಕ್ ತೇಲಿಹೋದಾಗ ಅದೂ ಹೋಗುತ್ತದೆ.

ಬಿದ್ದು ನೋಡಿ

ಬಟ್ಟೆ ಸರಿಯಿದೆಯೇ ಎಂದು ತಿಳಿಯಲು ಗೆಳೆಯರೊಬ್ಬರನ್ನು ದಡದಲ್ಲಿ ನಿಲ್ಲಿಸಿ, ಎದೆಮಟ್ಟದ ನೀರಿಗೆ ಇಳಿದು ಹತ್ತು ನಿಮಿಷ ಇರಿ. ಎಲ್ಲಿ ಸೋರುತ್ತದೆ, ಎಲ್ಲಿ ಚಳಿ ಹತ್ತುತ್ತದೆ ಗೊತ್ತಾಗುತ್ತದೆ. ಹಾಗೇ ಮಗುಚಿದ ಕಯಾಕನ್ನು ತಿರುಗಿಸಿ ಹತ್ತುವುದನ್ನೂ ಅಭ್ಯಾಸ ಮಾಡಿ: ಕಾಲು ಬಡಿಯುತ್ತಾ ಹೊಟ್ಟೆ ಕೆಳಗಾಗಿ ಕಯಾಕ್ ಮೇಲೆ ಅಡ್ಡ ಬೀಳಿ, ಆಮೇಲೆ ಹೊರಳಿ ಕೂರಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯವರಿಗೆ ಹೇಳಿ.

ಕಾರಿನಲ್ಲಿ ಒಣ ಬಟ್ಟೆ, ಕಂಬಳಿ, ಫ್ಲಾಸ್ಕಿನಲ್ಲಿ ಸಿಹಿಯಾದ ಬಿಸಿ ಟೀ ಇರಲಿ. ಜೊತೆಗಾರ ನಡುಗುತ್ತಿದ್ದರೆ ಒದ್ದೆ ಬಟ್ಟೆ ತೆಗೆಸಿ, ಎದೆ, ಹೊಟ್ಟೆಯ ಭಾಗವನ್ನು ಮೊದಲು ಬೆಚ್ಚಗೆ ಮಾಡಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ. ಮಾತು ತೊದಲಿದರೆ, ನಡುಗುವುದು ನಿಂತು ಮಂಕಾದರೆ ಮಲಗಿಸಿ, ಬಾಯಿಗೆ ಏನೂ ಹಾಕದೆ ತಕ್ಷಣ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.