ಎಡಗಡೆ ಗ್ಲಾಸಿನ ದೋಷ, ಬಲಗಡೆ ಬಾಗಿಲಿನ ವಯರ್

ಅಡಿಕೆ ಬೆಳೆಗಾರರೊಬ್ಬರ ಹಳೆಯ ಹ್ಯಾಚ್‌ಬ್ಯಾಕ್ ಕಾರು ತೀರ್ಥಹಳ್ಳಿಯ ನನ್ನ ಶೆಡ್ಡಿಗೆ ಬರುವ ಹೊತ್ತಿಗೆ, ಎಡ ಮುಂಬಾಗಿಲಿನ, ಸ್ವಿಚ್ಚಿನಿಂದ ಏರಿಳಿಯುವ ಒಂದು ಗ್ಲಾಸಿಗಾಗಿ ಅವರು ನಾಲ್ಕೂವರೆ ಸಾವಿರ ರೂಪಾಯಿಯಷ್ಟು ಕಳೆದುಕೊಂಡಾಗಿತ್ತು. ಒಂದು ಕಡೆ ಮೋಟರ್ ಬದಲಾಯಿಸಿದ್ದರು, ಇನ್ನೊಂದು ಕಡೆ ಡ್ರೈವರ್ ಬಾಗಿಲಿನಲ್ಲಿರುವ ಮಾಸ್ಟರ್ ಸ್ವಿಚ್ ಹೊಸದು ಹಾಕಿದ್ದರು. ಆದರೂ ಗ್ಲಾಸ್ ಅರ್ಧಕ್ಕೆ ಏರಿ ನಿಲ್ಲುತ್ತಿತ್ತು. ಸ್ವಿಚ್ ಒತ್ತಿಕೊಂಡೇ ಅಂಗೈಗಳಿಂದ ಮೇಲಕ್ಕೆ ದೂಡಿದರೆ ಮಾತ್ರ ಮುಚ್ಚುತ್ತಿತ್ತು. ಜಡಿಮಳೆಯಲ್ಲಿ ಅದು ಎಂತಹ ಕಷ್ಟವೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ನಾನೂ ಮೊದಲ ದಿನ ದಾರಿ ತಪ್ಪಿದೆ. ಗ್ಲಾಸ್ ಓಡುವ ರಬ್ಬರನ್ನು ತೊಳೆದು ಸಿಲಿಕಾನ್ ಸ್ಪ್ರೇ ಹೊಡೆದೆ, ಮೋಟರಿಗೆ ವಯರ್ ಸೇರುವ ಕಪ್ಲರ್ ಬಿಚ್ಚಿ ಮೀಟರ್ ಹಿಡಿದೆ; 12.3 ವೋಲ್ಟ್ ತೋರಿಸಿತು. ನನಗೆ ಕೆಲಸ ಕಲಿಸಿದ ಹಿರಿಯರು ಫೋನಿನಲ್ಲಿ, "ಮೀಟರಲ್ಲಿ ಹನ್ನೆರಡು ಬಂದ ಮೇಲೆ ವಯರಲ್ಲಿ ಏನು ಹುಡುಕ್ತೀಯ ಮಾರಾಯ, ಆ ಹೊಸ ಮೋಟರೇ ಸರಿ ಇಲ್ಲ" ಎಂದರು. ನನಗೆ ಮಾತ್ರ ಮಾಲೀಕರು ಹೇಳಿದ ಒಂದು ಮಾತು ತಲೆಯಲ್ಲಿ ಉಳಿದಿತ್ತು: ಎಡಗಡೆಯ ಸ್ವಿಚ್ಚಿನಿಂದ ಇಳಿಸಿದರೆ ಗ್ಲಾಸ್ ಸರಾಗವಾಗಿ ಇಳಿಯುತ್ತದೆ, ಅದೇ ಗ್ಲಾಸನ್ನು ಡ್ರೈವರ್ ಕಡೆಯಿಂದ ಇಳಿಸಿದರೆ ನಿಧಾನವಾಗುತ್ತದೆ. ಮೋಟರ್ ಕೆಟ್ಟಿದ್ದರೆ ಯಾರು ಒತ್ತಿದರೂ ಒಂದೇ ರೀತಿ ಇಳಿಯಬೇಕಿತ್ತು.

ಈ ಮಾದರಿಯ ವಯರಿಂಗಿನಲ್ಲಿ ಮೋಟರಿನ ಎರಡೂ ವಯರುಗಳು, ಯಾರೂ ಸ್ವಿಚ್ ಒತ್ತದಿರುವಾಗ, ಮಾಸ್ಟರ್ ಸ್ವಿಚ್ಚಿನೊಳಗೆ ಅರ್ತ್ ಆಗಿರುತ್ತವೆ, ಅಂದರೆ ನೆಗೆಟಿವ್‌ಗೆ ಸೇರಿರುತ್ತವೆ. ಎಡಗಡೆಯವರು ಗ್ಲಾಸ್ ಏರಿಸಲು ಒತ್ತಿದಾಗ ಒಂದು ವಯರಿಗೆ ಪಾಸಿಟಿವ್ ಬರುತ್ತದೆ, ಕರೆಂಟು ಇನ್ನೊಂದು ವಯರಿನ, ಅಂದರೆ ಗ್ಲಾಸ್ ಇಳಿಸುವ ವಯರಿನ ಮೂಲಕ ವಾಪಸಾಗಿ, ಎಡ ಬಾಗಿಲಿನ ರಬ್ಬರ್ ಬೂಟ್ (ಬಾಗಿಲಿಗೂ ಬಾಡಿಗೂ ನಡುವೆ ವಯರುಗಳನ್ನು ಮುಚ್ಚುವ ಕೊಳವೆ) ದಾಟಿ, ಬಲ ಬಾಗಿಲಿನ ಬೂಟನ್ನೂ ದಾಟಿ, ಮಾಸ್ಟರ್ ಸ್ವಿಚ್ಚಿನಲ್ಲಿ ಅರ್ತ್ ಸೇರುತ್ತದೆ. ಹಾಗಾದರೆ ಇಳಿಸುವ ವಯರ್ ಬಲಗಡೆ ಎಲ್ಲಾದರೂ ಸವೆದಿದ್ದರೆ ಎರಡೂ ಸ್ವಿಚ್ಚುಗಳಿಂದ ಏರುವುದು ಕಷ್ಟವಾಗಬೇಕು, ಡ್ರೈವರ್ ಕಡೆಯಿಂದ ಇಳಿಯುವುದೂ ನಿಧಾನವಾಗಬೇಕು, ಎಡಗಡೆಯಿಂದ ಇಳಿಸುವಾಗ ಮಾತ್ರ ಕರೆಂಟು ಏರಿಸುವ ವಯರಿನಿಂದ ವಾಪಸಾಗುವುದರಿಂದ ತೊಂದರೆ ಇರಬಾರದು. ದೂರು ಅಕ್ಷರಶಃ ಹಾಗೆಯೇ ಇತ್ತು.

ಒಂದೆರಡು ಎಳೆ ಉಳಿದ ವಯರಿನಲ್ಲೂ ಲೋಡ್ ಇಲ್ಲದಾಗ, ಅಂದರೆ ಕರೆಂಟು ಎಳೆಯುವ ಮೋಟರೋ ಬಲ್ಬೋ ಇಲ್ಲದಾಗ, ಮೀಟರ್ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಆದ್ದರಿಂದ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ಎರಡೂ ಫಿಲಮೆಂಟನ್ನು ಒಟ್ಟಿಗೆ ಸೇರಿಸಿ ಮೋಟರಿನ ಕಪ್ಲರಿಗೆ ಕೊಟ್ಟೆ. ಸರಿಯಾದ ಲೈನಿನಲ್ಲಿ ಅದು 9 ಆಂಪಿಯರ್ ಆಸುಪಾಸು ಎಳೆಯುತ್ತದೆ. ಏರಿಸುವ ಸ್ವಿಚ್ ಒತ್ತಿದ ಕೂಡಲೇ ಕಪ್ಲರಿನಲ್ಲಿ ವೋಲ್ಟೇಜ್ 8ಕ್ಕೆ ಕುಸಿಯಿತು, ಬಲ್ಬು ಕೆಂಪಗೆ ಮಿಣುಕಿತು. ಪಾಸಿಟಿವ್ ಕಡೆಯ ನಷ್ಟ ಅರ್ಧ ವೋಲ್ಟೂ ಇರಲಿಲ್ಲ, ವಾಪಸು ಬರುವ ಕಡೆ ಮೂರೂವರೆ ವೋಲ್ಟಿನಷ್ಟು ಹೋಗುತ್ತಿತ್ತು. ಬಲ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿದಾಗ ಬಲ್ಬಿನ ಬೆಳಕೂ ಅದರೊಡನೆ ಏರಿಳಿಯಿತು. ಬೂಟ್ ಸರಿಸಿ ನೋಡಿದರೆ ಇಳಿಸುವ ವಯರಿನ ಸಿಪ್ಪೆ ಸೀಳಿ, ತಾಮ್ರ ಹಸಿರುಗಟ್ಟಿ, ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಎಡಗಡೆ ಗ್ಲಾಸಿಗೆ ಬಲಗಡೆ ಬಾಗಿಲು ಬಿಚ್ಚುತ್ತಾನೆ ಎಂದು ಆಡಿಕೊಂಡಿದ್ದ ಪಕ್ಕದ ಶೆಡ್ಡಿನವರು ಆ ವಯರನ್ನು ಕೈಯಲ್ಲಿ ಹಿಡಿದು ನೋಡಿ ಹೋದರು.

ಇಷ್ಟಾದ ಮೇಲೂ ಒಂದು ತಪ್ಪು ಮಾಡಿದೆ. ಬೂಟಿನ ಒಳಗೇ ಬೆಸುಗೆ ಹಾಕಿ ಕಳಿಸಿದೆ, ಎರಡೂವರೆ ತಿಂಗಳಿಗೆ ಕಾರು ವಾಪಸು ಬಂತು. ಬೆಸುಗೆ ಹೀರಿದ ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಬಾಗಿಲು ತೆರೆದು ಮುಚ್ಚಿದಂತೆಲ್ಲ ಎಳೆಗಳು ಅದರ ಅಂಚಿನಲ್ಲೇ ತುಂಡಾಗುತ್ತವೆ. ಎರಡನೇ ಸಲ ಸಣ್ಣ ಎಳೆಗಳ ಮೆತ್ತನೆಯ ವಯರನ್ನು ಬೂಟಿನ ಆಚೆಯಿಂದ ಈಚೆಯವರೆಗೆ ಅಖಂಡವಾಗಿ ಹಾಯಿಸಿ, ಜೋಡಣೆಗಳನ್ನು ಬೂಟಿನ ಹೊರಗೆ, ಒಂದರ ಪಕ್ಕ ಒಂದು ಬಾರದಂತೆ, ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿದು, ಸ್ಲೀವ್ ಹಾಕಿದೆ. ಬಾಗಿಲು ಕಳಚದೆ, ಕಪ್ಲರ್ ಕತ್ತರಿಸದೆ ಆ ಇಕ್ಕಟ್ಟಿನಲ್ಲಿ ವಯರ್ ಹಾಯಿಸುವ ಉಪಾಯವೊಂದಿದೆ. ಅದನ್ನು ಕಂಡುಕೊಳ್ಳಲು ನನಗೆ ವರ್ಷಗಳು ಬೇಕಾದವು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ವಯರ್, ಸ್ಲೀವ್ ಸೇರಿ ನೂರು ರೂಪಾಯಿಯೊಳಗೆ ಮುಗಿಯಿತು. ಮೊದಲ ಸಲ 850 ಪಡೆದಿದ್ದೆ, ಎರಡನೇ ಸಲ ಏನೂ ತೆಗೆದುಕೊಳ್ಳಲಿಲ್ಲ. ಲೋಡಿನಲ್ಲಿ ಕಪ್ಲರಿಗೆ ಈಗ 11.4ರಷ್ಟು ಬರುತ್ತದೆ, ಗ್ಲಾಸ್ ನಾಲ್ಕು ಸೆಕೆಂಡಿನಲ್ಲಿ ಏರುತ್ತದೆ.

ಇದೇ ಹುಮ್ಮಸ್ಸಿನಲ್ಲಿ ನನ್ನ ಸ್ವಂತ ವ್ಯಾನಿಗೆ ಐದು ಪಿನ್ನಿನ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್) ಹಾಕಿ, ಸ್ವಿಚ್ಚಿನ ಮೇಲಿನ ಭಾರ ಇಳಿಸಿ ನೋಡಿದೆ. ರಿಲೇಯ 30ನೇ ಪಿನ್ನನ್ನು ಮೋಟರಿಗೆ, 87ನ್ನು ಫ್ಯೂಸ್ ದಾಟಿದ ಪಾಸಿಟಿವ್‌ಗೆ, 87ಎಯನ್ನು ಅರ್ತಿಗೆ ಕೊಟ್ಟರೆ ಗ್ಲಾಸ್ ಚುರುಕಾಗಿ ಓಡುತ್ತದೆ. ಬಿಟ್ಟ ತಕ್ಷಣ ಮೋಟರಿನ ಎರಡೂ ತುದಿ ಅರ್ತ್ ಆಗಿ ಬ್ರೇಕ್ ಹಿಡಿದಂತೆ ನಿಲ್ಲುವುದೂ ಉಳಿಯುತ್ತದೆ. ಆದರೆ ರಿಲೇಗಳನ್ನು ಬಾಗಿಲಿನ ಒಳಗೆ ಕೂರಿಸಿದ್ದೆ. ಒಂದೇ ಮಳೆಗಾಲಕ್ಕೆ ನೀರು ಸೇರಿ ಕಾಂಟ್ಯಾಕ್ಟ್ ಹಾಳಾದವು, ಮುನ್ನೂರು ರೂಪಾಯಿ ಹೋಯಿತು. ಈಗ ಅವು ಡ್ಯಾಶ್‌ಬೋರ್ಡಿನ ಕೆಳಗಿವೆ. ಕೈ ಸಿಕ್ಕಿದರೆ ತಾನೇ ಕೆಳಗಿಳಿಯುವ ಆಟೋ ಗ್ಲಾಸಿನ ಹೊಸ ಕಾರುಗಳಲ್ಲಿ ಮೋಟರನ್ನು ನಡೆಸುವುದು ಕಂಟ್ರೋಲ್ ಯುನಿಟ್; ಅವುಗಳಿಗೆ ಈ ರಿಲೇಯನ್ನಾಗಲಿ, ಬಲ್ಬಿನ ಪರೀಕ್ಷೆಯನ್ನಾಗಲಿ ನಾನು ಮಾಡುವುದಿಲ್ಲ.