300 ಪದದ ಮುನ್ನೋಟಕ್ಕೆ ಮೂರು ದಿನ

ನಾಳೆ ಸಂಜೆ 4 ಗಂಟೆಗೆ ನಮ್ಮ ತುಮಕೂರಿನ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮ್‌ಗೆ ಸೆಮಿಫೈನಲ್. ಎದುರಿಗೆ ಬೆಂಗಳೂರಿನ ಟೀಮ್. ಬೆಳಿಗ್ಗೆ ಪೇಪರಿನಲ್ಲಿ ಈ ಮ್ಯಾಚಿನ ಮುನ್ನೋಟ ಬರುತ್ತದೆ, 300 ಪದ, ಬರೆದವನು ನಾನು. ಬಿ.ಎಚ್. ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಇದೆಲ್ಲ ಹೇಗಪ್ಪಾ ಗೊತ್ತಾಗುತ್ತದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ಕಾಲೇಜಿನಲ್ಲಿ ನಾನೂ ಆಡುತ್ತಿದ್ದೆ. ದೊಡ್ಡ ಆಟಗಾರನೇನಲ್ಲ. ಮಂಡಿ ಕೈಕೊಟ್ಟ ಮೇಲೆ ಕೋರ್ಟ್ ಬಿಟ್ಟು ಸ್ಕೋರರ್ ಟೇಬಲ್‌ಗೆ ಬಂದೆ. ಅಲ್ಲಿಂದ ಬರೆಯುವ ಚಟ ಹತ್ತಿತು. ಮೊದಮೊದಲು ಬರೆದದ್ದನ್ನು ಈಗ ಓದಿದರೆ ನಗು ಬರುತ್ತದೆ. 'ಉಭಯ ತಂಡಗಳೂ ಬಲಿಷ್ಠವಾಗಿದ್ದು ಜಿದ್ದಾಜಿದ್ದಿನ ಪೈಪೋಟಿ ನಿರೀಕ್ಷಿಸಲಾಗಿದೆ.' ಈ ಸಾಲನ್ನು ಕಬಡ್ಡಿಗೂ ಹಾಕಬಹುದು, ಸೊಸೈಟಿ ಚುನಾವಣೆಗೂ ಹಾಕಬಹುದು.

ಪಿಂಚಣಿ ಕಾಗದ ಜೆರಾಕ್ಸ್ ಮಾಡಿಸೋಕೆ ಬರುವ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಸಂಜೆ ಮ್ಯಾಚ್ ಇದ್ದರೆ ಕೋರ್ಟಿನ ಮೆಟ್ಟಿಲ ಮೇಲೆ ಕಡಲೆಕಾಯಿ ಪೊಟ್ಟಣ ಹಿಡಿದು ಕೂತಿರುತ್ತಾರೆ. ಅವರು ಒಂದು ದಿನ ಪೇಪರ್ ಮಡಚಿ ಕೌಂಟರ್ ಮೇಲಿಟ್ಟು, "ಅದೆಲ್ಲ ಸರಿ ಕಣಯ್ಯಾ, ನಾನು ಅಲ್ಲಿ ಹೋಗಿ ಏನನ್ನ ನೋಡ್ಬೇಕು ಅಂತ ಬರೆದಿಲ್ವಲ್ಲ" ಅಂದರು. ನನಗೆ ಸಿಕ್ಕ ಪಾಠ ಅದೊಂದೇ. ಅವತ್ತಿಂದ ಪೆನ್ನು ಹಿಡಿದಾಗಲೆಲ್ಲ ಆ ಮೇಷ್ಟ್ರನ್ನೇ ಎದುರಿಗೆ ಕೂರಿಸಿಕೊಳ್ಳುತ್ತೇನೆ.

ಆಮೇಲೆ ಅಮೆರಿಕದವರು ಹೇಗೆ ಬರೆಯುತ್ತಾರೆ ಅಂತ ನೋಡಿದೆ. ಅಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದರೆ ಜಾತ್ರೆ. ಮಾರ್ಚ್‌ನಲ್ಲಿ ಅರವತ್ತಕ್ಕೂ ಹೆಚ್ಚು ಟೀಮ್‌ಗಳ ನಾಕೌಟ್ ಟೂರ್ನಿ ಶುರುವಾದರೆ ಒಂದೊಂದು ಮ್ಯಾಚಿಗೂ ರಾಶಿ ರಾಶಿ ಮುನ್ನೋಟ. ಈ ಟೀಮ್ 100 ಸರದಿಗೆ (ಚೆಂಡು ಒಂದು ಟೀಮ್‌ಗೆ ಸಿಕ್ಕಾಗಿಂದ ಎದುರಿನವರ ಕೈಗೆ ಹೋಗುವವರೆಗೆ ಒಂದು ಸರದಿ) ಎಷ್ಟು ಪಾಯಿಂಟ್ ಹೊಡೆಯುತ್ತದೆ, ಆ ಟೀಮ್ ಎಷ್ಟು ಬಿಟ್ಟುಕೊಡುತ್ತದೆ, ಎಲ್ಲಾ ಲೆಕ್ಕ ರೆಡಿ. ಅದನ್ನು ನೋಡಿ ನಾನೂ ಹಾಗೇ ಬರೆಯೋಣ ಅಂತ ಕೂತರೆ ನನ್ನ ಹತ್ತಿರ ಅಂಕಿಯೇ ಇಲ್ಲ! ನಮ್ಮ ಕಾಲೇಜು ಟೂರ್ನಿಗಳಲ್ಲಿ ಅದನ್ನು ಯಾರು ಬರೆದಿಡುತ್ತಾರೆ ಹೇಳಿ.

ಸ್ಕೋರ್ ಶೀಟ್ ಇರುತ್ತದಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ, ಅದೂ ವರ್ಷಗಟ್ಟಲೆ ಆ ಶೀಟನ್ನು ನಾನೇ ತುಂಬಿದ್ದವನು. ಒಂದನೇ, ಮೂರನೇ ಕ್ವಾರ್ಟರ್ ಕೆಂಪು ಪೆನ್ನು, ಎರಡನೇ, ನಾಲ್ಕನೇ ಕ್ವಾರ್ಟರ್ ನೀಲಿ ಅಥವಾ ಕಪ್ಪು. ಎರಡು ಪಾಯಿಂಟಿಗೆ ಓರೆ ಗೆರೆ, ಫೌಲ್ ಆದಾಗ ಸಿಗುವ ಫ್ರೀ ಥ್ರೋಗೆ ತುಂಬಿದ ಬೊಟ್ಟು, ಮೂರು ಪಾಯಿಂಟ್ ಹೊಡೆದರೆ ಆಟಗಾರ್ತಿಯ ನಂಬರಿನ ಸುತ್ತ ಒಂದು ವೃತ್ತ. ಫೌಲ್‌ಗಳು, ಟೈಮ್‌ಔಟ್‌ಗಳು. ಎಲ್ಲಾ ಇದೆ. ಆದರೆ ಬಾಸ್ಕೆಟ್ ಆಗದ ಶಾಟ್ ಮಾತ್ರ ಎಲ್ಲೂ ಇಲ್ಲ. ಒಬ್ಬಳು 16 ಪಾಯಿಂಟ್ ಹೊಡೆದಳು ಅಂತ ಶೀಟ್ ಹೇಳುತ್ತದೆ, ಅದಕ್ಕೆ ಅವಳು 10 ಸಲ ಎಸೆದಳೋ 25 ಸಲ ಎಸೆದಳೋ ಹೇಳುವುದಿಲ್ಲ. ರೀಬೌಂಡ್, ಅಂದರೆ ತಪ್ಪಿದ ಶಾಟಿನ ಚೆಂಡು ಯಾರ ಕೈಗೆ ಸಿಕ್ಕಿತು ಅನ್ನುವುದು ಇಲ್ಲ, ಪಾಸ್ ತಪ್ಪಿ ಹೋದ ಚೆಂಡಿನ ಲೆಕ್ಕವೂ ಇಲ್ಲ. ಮ್ಯಾಚ್ ಯಾಕೆ ಸೋತೆವು ಅನ್ನೋದು ಇರುವುದೇ ಅಲ್ಲಿ.

ಹಾಗಾಗಿ 200 ಪುಟದ ಒಂದು ನೋಟ್‌ಬುಕ್ ತಗೊಂಡೆ. ನಮ್ಮ ಟೀಮ್ ಆಡುವಾಗ ಟೇಬಲ್‌ಗೆ ಕೂರುವುದನ್ನೂ ಬಿಟ್ಟೆ. ಬರೆಯುವವನೇ ಸ್ಕೋರರ್ ಆಗಿ ಕೂತರೆ ಚೆನ್ನಾಗಿರಲ್ಲ ಅಲ್ವಾ? ಮೆಟ್ಟಿಲ ಮೇಲೆ ಮೇಷ್ಟ್ರ ಪಕ್ಕ ಕೂತು ಒಂದು ಪುಟಕ್ಕೆ ಅರ್ಧ ಕೋರ್ಟಿನ ಚಿತ್ರ ಬರೆದುಕೊಳ್ಳುತ್ತೇನೆ. ಶಾಟ್ ಹೋದರೆ ಬೊಟ್ಟು, ಹೋಗದಿದ್ದರೆ ಕಾಟು, ಪಕ್ಕದಲ್ಲಿ ಜೆರ್ಸಿ ನಂಬರ್. ಎದುರು ಪುಟದಲ್ಲಿ ನಾಲ್ಕು ಕಾಲಂ: ಶಾಟ್, ಕಳೆದುಕೊಂಡ ಚೆಂಡು, ನಮ್ಮ ಶಾಟ್ ತಪ್ಪಿ ಮತ್ತೆ ನಮಗೇ ಸಿಕ್ಕ ರೀಬೌಂಡ್, ಫ್ರೀ ಥ್ರೋ. ಡೀನ್ ಆಲಿವರ್ ಅನ್ನುವ ಅಮೆರಿಕದ ಲೆಕ್ಕಿಗ ಗೆಲುವು ಸೋಲು ಈ ನಾಲ್ಕರ ಮೇಲೇ ನಿಂತಿರುತ್ತದೆ ಅಂತ ತೋರಿಸಿಕೊಟ್ಟಿದ್ದಾನೆ. ಅವನ ಪ್ರಕಾರ ಶಾಟಿನ ತೂಕ ಸುಮಾರು 40 ಭಾಗ, ಕಳೆದುಕೊಂಡ ಚೆಂಡಿನದು 25, ರೀಬೌಂಡ್ 20, ಫ್ರೀ ಥ್ರೋ 15. ನನ್ನ ಅನುಭವದಲ್ಲಿ ನಮ್ಮ ಕಾಲೇಜು ಮಟ್ಟಕ್ಕೆ ಬಂದರೆ ಎರಡನೆಯದೇ ಮೊದಲನೆಯದು. ಶಾಟ್ ಹೊಡೆಯೋಕೆ ಚೆಂಡು ಕೈಯಲ್ಲಿರಬೇಕಲ್ಲ ಮೊದಲು.

ಸರದಿ ಲೆಕ್ಕ ಹಾಕುವುದು ಕಷ್ಟವೇನಲ್ಲ. ಹೊಡೆದ ಒಟ್ಟು ಶಾಟ್‌ನಿಂದ ನಮಗೇ ವಾಪಸ್ ಸಿಕ್ಕ ರೀಬೌಂಡ್ ಕಳೆಯಿರಿ. ಕಳೆದುಕೊಂಡ ಚೆಂಡು ಕೂಡಿಸಿ. ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಅದನ್ನೂ ಕೂಡಿಸಿ. ಅದೇನು 0.44 ಅಂದರೆ, ಸಾಮಾನ್ಯವಾಗಿ ಎರಡು ಫ್ರೀ ಥ್ರೋಗೆ ಒಂದು ಸರದಿ ಮುಗಿಯುತ್ತದೆ, ಆದರೆ ಬಾಸ್ಕೆಟ್ ಆದಾಗಲೇ ಫೌಲ್ ಆಗಿ ಸಿಗುವ ಒಂಟಿ ಥ್ರೋ ಕೂಡ ಇರುತ್ತದಲ್ಲ, ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಗುರುವಾರದ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮವರದು 58 ಶಾಟ್, 12 ವಾಪಸ್ ರೀಬೌಂಡ್, ಕಳೆದುಕೊಂಡದ್ದು 21, ಫ್ರೀ ಥ್ರೋ 14. ಲೆಕ್ಕ ಹಾಕಿದರೆ 73 ಸರದಿ. ಪಾಯಿಂಟ್ 48. ಗೆದ್ದೆವು, ಪಟಾಕಿ ಹೊಡೆದರು, ನಾನೂ ಕುಣಿದೆ. ರಾತ್ರಿ ಅಂಗಡಿ ಬಾಗಿಲು ಎಳೆದು ನೋಟ್‌ಬುಕ್ ತೆಗೆದಾಗ ಹೊಟ್ಟೆ ಚುರ್ರೆಂದಿತು. ಹತ್ತು ಸರದಿಗೆ ಹೆಚ್ಚುಕಡಿಮೆ ಮೂರು ಸಲ ಶಾಟ್ ಹೊಡೆಯುವ ಮುಂಚೆಯೇ ಚೆಂಡು ಹೋಗಿದೆ!

ಎಲ್ಲಿ ಹೋಯಿತು ಅಂತ ಮತ್ತೆ ನೋಡಬೇಕಿತ್ತು. ಅಕ್ಕನ ಮಗ ಫೋನಿನಲ್ಲಿ ವಿಡಿಯೋ ಮಾಡಿದ್ದ. ಇದರ ಬಗ್ಗೆ ಒಂದು ಮಾತು. ಫೋನ್ ಹಿಡಿದವರು ಯಾವಾಗಲೂ ಚೆಂಡಿನ ಹಿಂದೆಯೇ ಓಡುತ್ತಾರೆ, ಅದರಲ್ಲಿ ಉಳಿದ ಎಂಟು ಜನ ಎಲ್ಲಿದ್ದಾರೆ ಗೊತ್ತೇ ಆಗಲ್ಲ. ಮೊದಲ ಸಲ ಅವನೂ ಹಾಗೇ ಮಾಡಿದ್ದ, ಮಧ್ಯೆ ಮಧ್ಯೆ ತನ್ನ ಫ್ರೆಂಡ್ಸ್ ಮುಖ ಬೇರೆ. ಈ ಸಲ ಪಕ್ಕದ ಕಟ್ಟಡದ ಎರಡನೇ ಮಹಡಿ ಕಂಬಿಗೆ ಫೋನ್ ಕಟ್ಟಿಸಿದೆ, ಬೈಂಡಿಂಗ್ ದಾರದಲ್ಲಿ. ಇಡೀ ಕೋರ್ಟ್ ಕಾಣುತ್ತದೆ, ಆಟಗಾರ್ತಿಯರು ಇರುವೆ ತರ, ಆದರೂ ಸಾಕು. ಮೂರು ಸಲ ನೋಡಿದೆ. 21ರಲ್ಲಿ 13 ಹೋಗಿರುವುದು ನಮ್ಮದೇ ಅರ್ಧದಲ್ಲಿ. ಚೆಂಡು ಕೈಗೆ ಸಿಕ್ಕ 8 ಸೆಕೆಂಡಿನೊಳಗೆ ಎದುರಾಳಿ ಅರ್ಧಕ್ಕೆ ದಾಟಿಸಬೇಕು ಅನ್ನುವುದು ನಿಯಮ. ಆ 8 ಸೆಕೆಂಡಿನಲ್ಲಿ ಇಬ್ಬರು ಮೈಮೇಲೆ ಬಿದ್ದರೆ ನಮ್ಮ ಹುಡುಗಿಯರು ಗಾಬರಿಯಾಗಿ ಮಧ್ಯಕ್ಕೆ ಎತ್ತರದ ಪಾಸ್ ಎಸೆಯುತ್ತಾರೆ.

ಈಗ ಬೆಂಗಳೂರಿನವರ ಕ್ವಾರ್ಟರ್‌ಫೈನಲ್ ಪುಟ ತೆಗೆದೆ. ಅವರು ಪ್ರತಿ ಬಾಸ್ಕೆಟ್ ಆದ ಕೂಡಲೇ ಫುಲ್ ಕೋರ್ಟ್ ಪ್ರೆಸ್ ಹಾಕುತ್ತಾರೆ, ಅಂದರೆ ತಮ್ಮ ಅರ್ಧಕ್ಕೆ ವಾಪಸ್ ಹೋಗದೆ ಅಲ್ಲೇ ಎದುರಿನವರ ಮೈಮೇಲೆ ಬೀಳುತ್ತಾರೆ. ಗೊತ್ತಾಯಿತಲ್ಲ, ಮುನ್ನೋಟ ಅಲ್ಲೇ ಸಿಕ್ಕಿತು. ಮೊದಲ ಪ್ಯಾರಾ ಹೀಗೆ ಬರೆದೆ: 'ಇವತ್ತು ಬೆಂಗಳೂರಿನವರು ಬಾಸ್ಕೆಟ್ ಹೊಡೆದಾಗ ಚಪ್ಪಾಳೆ ತಟ್ಟುತ್ತಾ ರಿಂಗ್ ನೋಡಬೇಡಿ. ಕಣ್ಣು ಲೈನಿನ ಹೊರಗೆ ಚೆಂಡು ಹಿಡಿದು ನಿಂತ ನಮ್ಮ ಹುಡುಗಿಯ ಮೇಲಿರಲಿ. ಮುಂದಿನ 8 ಸೆಕೆಂಡ್ ನೋಡಿದರೆ ಮ್ಯಾಚ್ ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.'

ಎರಡನೇ ಪ್ಯಾರಾ ಅವರ 14ನೇ ನಂಬರಿನ ಎತ್ತರದ ಹುಡುಗಿ ಮೇಲೆ. ನಾನು ನೋಡಿದ ಎರಡೂ ಮ್ಯಾಚಿನಲ್ಲಿ ಹಾಫ್ ಟೈಮ್‌ಗೆ ಮುಂಚೆಯೇ ಅವಳಿಗೆ ಮೂರು ಫೌಲ್. ಐದಾದರೆ ಹೊರಗೆ. ಅವಳು ಬೆಂಚಿಗೆ ಹೋದರೆ ಅವರು ಝೋನ್‌ಗೆ ಇಳಿಯುತ್ತಾರೆ, ಅಂದರೆ ಒಬ್ಬೊಬ್ಬಳ ಹಿಂದೆ ಓಡದೆ ಒಂದೊಂದು ಜಾಗ ಕಾಯುತ್ತಾರೆ, ಆಗ ಮೂಲೆಯಿಂದ ಶಾಟ್ ಸಿಗುತ್ತದೆ. ಎರಡು ಮ್ಯಾಚ್ ನೋಡಿ ಇಷ್ಟು ಹೇಳಬಹುದು. ಶೇಕಡಾವಾರು ಮಾತ್ರ ಹಾಕಬಾರದು. ಒಬ್ಬಳು 7ರಲ್ಲಿ 3 ತ್ರೀ ಪಾಯಿಂಟರ್ ಹೊಡೆದರೆ '7ಕ್ಕೆ 3' ಅಂತಲೇ ಬರೆಯಿರಿ. ಅದನ್ನು ಶೇಕಡಾ 42.86 ಅಂತ ಬರೆದರೆ ಓದುವವರಿಗೆ ಯಾವುದೋ ದೊಡ್ಡ ಲೆಕ್ಕ ಅನ್ನಿಸುತ್ತದೆ, ಸುಮ್ನೆ ಮೋಸ.

ಮೂರನೇ ಪ್ಯಾರಾ ಬಗ್ಗೆ ನನಗೆ ಸ್ವಲ್ಪ ಜಂಬ. ಬಯಲಿನ ಕೋರ್ಟನ್ನು ಉತ್ತರ ದಕ್ಷಿಣಕ್ಕೆ ಹಾಕುವುದು ವಾಡಿಕೆ, ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂತ. ಈ ಕೋರ್ಟಿಗೆ ಜಾಗ ಸಿಕ್ಕಿದ್ದು ಹಾಗಲ್ಲ, ರಿಂಗುಗಳು ಪೂರ್ವ ಪಶ್ಚಿಮಕ್ಕಿವೆ. ಶುಕ್ರವಾರ ಸಂಜೆ 5 ಗಂಟೆಗೆ ಅಂಗಡಿ ಹುಡುಗನಿಗೆ ಬಿಟ್ಟು ಅಲ್ಲಿಗೆ ಹೋದೆ. ಫ್ರೀ ಥ್ರೋ ಗೆರೆ ಮೇಲೆ ನಿಂತು ಪಶ್ಚಿಮದ ರಿಂಗ್ ನೋಡಿದರೆ ಸೂರ್ಯ ಬೋರ್ಡಿನ ಎಡ ಅಂಚಿಗೆ ಅಂಟಿಕೊಂಡಂತೆ ಕೂತಿದ್ದಾನೆ. ರಿಂಗಿನ ಮುಂದಿನ ಅಂಚು ಕಾಣುತ್ತದೆ, ಹಿಂದಿನದು ಬೆಳಕಿನಲ್ಲಿ ಕರಗಿ ಹೋಗುತ್ತದೆ. ಹತ್ತು ಎಸೆದೆ, ಎರಡು ಹೋಯಿತು. (ನನ್ನ ಮಂಡಿಯ ಪಾಲೂ ಅದರಲ್ಲಿದೆ, ಒಪ್ಪಿಕೊಳ್ಳುತ್ತೇನೆ.) 4ಕ್ಕೆ ಶುರುವಾದರೆ ಎರಡನೇ ಹಾಫ್ ಬರುವಷ್ಟರಲ್ಲಿ ಸರಿಯಾಗಿ ಇದೇ ಹೊತ್ತು. ಹಾಫ್ ಟೈಮ್ ಆದ ಮೇಲೆ ಟೀಮ್‌ಗಳು ರಿಂಗ್ ಬದಲಾಯಿಸುತ್ತವೆ. ಆಗ ಪಶ್ಚಿಮಕ್ಕೆ ಹೊಡೆಯಬೇಕಾದ ಟೀಮ್‌ಗೆ ಕಷ್ಟ, ಅವರು ದೂರದ ಶಾಟ್ ಬಿಟ್ಟು ಒಳಗೆ ನುಗ್ಗಲೇಬೇಕು. ಇದನ್ನು ಯಾವ ಅಮೆರಿಕದ ಲೆಕ್ಕಿಗನೂ ಬರೆದಿರಲಾರ, ಅವರದ್ದೆಲ್ಲ ಒಳಾಂಗಣ.

ಇನ್ನು ಬರೆಯದೆ ಬಿಟ್ಟಿದ್ದರ ಬಗ್ಗೆ.

ಎರಡು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೆ. ಆಗ ಫಸ್ಟ್ ಇಯರ್‌ನಲ್ಲಿದ್ದ ನಮ್ಮ ಗಾರ್ಡ್ (ಚೆಂಡು ಪುಟಿಸುತ್ತಾ ಮುಂದಕ್ಕೆ ತರುವವಳು) ಬಗ್ಗೆ 'ವೇಗ ಚೆನ್ನಾಗಿದೆ, ಆದರೆ ಎಡಗೈಯಲ್ಲಿ ಡ್ರಿಬಲ್ ಇನ್ನೂ ಕೂತಿಲ್ಲ' ಅಂತ ಬರೆದೆ. ನಿಜವನ್ನೇ ಬರೆದೆ ಅಂತ ಬೀಗಿದ್ದೆ. ಎದುರಾಳಿ ಟೀಮ್ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಅದೇ ಪೇಪರ್ ಓದಿತಂತೆ. ಮ್ಯಾಚಿನ ಉದ್ದಕ್ಕೂ ಅವಳ ಬಲಗಡೆ ಒಬ್ಬಳು ಗೋಡೆ ತರ ನಿಂತಳು. ಎಡಕ್ಕೆ ಹೋದಾಗಲೆಲ್ಲ ಚೆಂಡು ಕಾಲಿಗೆ ಬಡಿದು ಹೊರಗೆ. ನಾವು ಸೋತೆವು. ಆ ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ನೋಟ್ಸ್ ಜೆರಾಕ್ಸ್ ಮಾಡಿಸೋಕೆ ನನ್ನ ಅಂಗಡಿ ದಾಟಿಕೊಂಡು ಮುಂದಿನ ಅಂಗಡಿಗೆ ಹೋಗತೊಡಗಿದಳು. ತಿಂಗಳುಗಟ್ಟಲೆ. ಕಾಲೇಜಿನ ದೈಹಿಕ ಶಿಕ್ಷಣದ ಪಿ.ಡಿ. ಸರ್ ಮಾತ್ರ ಒಂದೇ ಮಾತು ಹೇಳಿದರು: "ನೀವು ಬರೆದದ್ದು ಅವರ ಕೋಚ್‌ಗೂ ಕಾಣ್ತಿತ್ತು ಬಿಡಿ, ಆದ್ರೆ ಅವರಿಗೆ ಕಾಣೋಕೆ ಒಂದು ಕ್ವಾರ್ಟರ್ ಬೇಕಾಗ್ತಿತ್ತು."

ಆ ಒಂದು ಕ್ವಾರ್ಟರ್, ಅಂದರೆ 10 ನಿಮಿಷ, ನಾನು ಪುಕ್ಕಟೆ ಕೊಟ್ಟಿದ್ದೆ. ಅವತ್ತಿಂದ ನಮ್ಮ ಕಡೆಯ ಒಬ್ಬೊಬ್ಬ ಹುಡುಗಿಯ ಕೊರತೆ ಬರೆಯುವುದಿಲ್ಲ, ಇಡೀ ಟೀಮ್‌ನ ಆಟದ ಬಗ್ಗೆ ಮಾತ್ರ. ಪ್ರೆಸ್‌ಗೆ ನಮ್ಮವರು ಗಾಬರಿಯಾಗುತ್ತಾರೆ ಅನ್ನುವುದು ಗುರುವಾರ ಮೆಟ್ಟಿಲ ಮೇಲೆ ಕೂತ ಎಲ್ಲರೂ ಕಂಡದ್ದೇ, ಬೆಂಗಳೂರಿನ ಕೋಚ್ ಕೂಡ ಅಲ್ಲೇ ಕೂತು ನೋಡುತ್ತಿದ್ದರು. ಅದನ್ನು ಬರೆಯಬಹುದು. ಬೆಂಚಿನ ಹತ್ತಿರ ನಿಂತಾಗ ಕಿವಿಗೆ ಬಿದ್ದದ್ದು, ಪ್ರಾಕ್ಟೀಸ್‌ನಲ್ಲಿ ಕಂಡದ್ದು ನೋಟ್‌ಬುಕ್ಕಿನಲ್ಲೇ ಇರುತ್ತದೆ. ಈ ಸಲವೂ ಅಂಥದ್ದೊಂದಿದೆ. ಇಲ್ಲೂ ಬರೆಯಲ್ಲ, ಕೇಳಬೇಡಿ.

ಆ ಹುಡುಗಿ ಈಗ ಫೈನಲ್ ಇಯರ್, ಟೀಮ್ ಕ್ಯಾಪ್ಟನ್. ಶುಕ್ರವಾರ ಪ್ರಾಜೆಕ್ಟ್ ಬೈಂಡಿಂಗ್‌ಗೆ ನನ್ನ ಅಂಗಡಿಗೇ ಬಂದಳು. "ಅಂಕಲ್, ಈ ಸಲ ಏನು ಬರೀತಿದ್ದೀರಾ?" ಅಂದಳು. ನಿನ್ನ ಬಗ್ಗೆ ಏನೂ ಇಲ್ಲಮ್ಮ ಅಂದೆ. "ಬರೀರಿ ಅಂಕಲ್, ಎಡಗೈ ಇನ್ನೂ ಬಂದಿಲ್ಲ ಅಂತ ಬರೀರಿ" ಅಂದು ನಕ್ಕಳು. ಅರ್ಥವಾಗೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬರೆಯಲಿಲ್ಲ. ಸುಳ್ಳು ಬರೆದು ಗೆಲ್ಲಿಸುವುದು ನನ್ನ ಕೆಲಸವಲ್ಲ, ಬೈಂಡಿಂಗ್ ದುಡ್ಡು ಮಾತ್ರ ತಗೊಳ್ಳಲಿಲ್ಲ.

ಕೊನೆಗೆ ಪೇಪರಿನವರದ್ದು ಅದೇ ಪ್ರಶ್ನೆ: ಗೆಲ್ಲೋದು ಯಾರು, ಒಂದು ಸಾಲು ಹಾಕಿ. ಹಾಕಿದ್ದೇನೆ. ಬೆಂಗಳೂರಿನವರ ಕೈ ಮೇಲು, ಆದರೆ ನಮ್ಮವರು ಕಳೆದುಕೊಳ್ಳುವ ಚೆಂಡು 15ರೊಳಗೆ ನಿಂತರೆ ಕೊನೇ ನಿಮಿಷದವರೆಗೂ ಯಾರೂ ಎದ್ದು ಹೋಗಬೇಡಿ, ಅಂತ. ಊರಿನವನಾಗಿ ಹೀಗೆ ಬರೆಯೋದಾ ಅಂತ ಪಕ್ಕದ ಬೇಕರಿಯವರು ಈಗಲೇ ಮುಖ ಗಂಟಿಕ್ಕಿದ್ದಾರೆ. ನಾಳೆ ಟೀ ಸಿಗುವುದೋ ಇಲ್ಲವೋ.

ಸಂಜೆ ಆರಕ್ಕೆ ಕಳಿಸಿ ಆಯಿತು. ಏಳಕ್ಕೆ ಮೇಷ್ಟ್ರು ಫೋನ್ ಮಾಡಿದರು. ದೇವರಾಯನದುರ್ಗದ ಕಡೆ ಕಪ್ಪಗೆ ಮೋಡ ಕಟ್ಟಿದೆಯಂತೆ, ನಾಳೆಯೂ ಹೀಗೇ ಇರುತ್ತದಂತೆ, ಮಳೆ ಬಂದರೆ ಆ ಸಿಮೆಂಟ್ ಕೋರ್ಟಿನಲ್ಲಿ ನೀರು ನಿಲ್ಲುತ್ತದೆ, ಮ್ಯಾಚನ್ನು ಒಳಾಂಗಣಕ್ಕೆ ಹಾಕಿದರೂ ಹಾಕಿದರೇ ಅಂದರು. ಆಚೆ ಬಂದು ನೋಡಿದೆ. ನಿಜ. ಪೇಪರಿಗೆ ಫೋನ್ ಮಾಡಿ ಸೂರ್ಯನ ಪ್ಯಾರಾ ತೆಗೆಯಿರಿ ಅಂದರೆ, ಪುಟ ಆಗಲೇ ಕಟ್ಟಿ ಆಯಿತು ಸಾರ್ ಅಂದರು.