ಶಲ್ಯನ ಊಟ, ಮೂವತ್ತೊಂದು ಅಡಿಕೆ: ಪರರ ಯುದ್ಧದ ಪ್ರಶ್ನೆ ರಂಗಕ್ಕೆ ಬಂದ ನನ್ನ ಅನುಭವ

ಕುರುಕ್ಷೇತ್ರ ಬಿಟ್ಟು ಬೇರೆ ಏನು ಆಡಿಸಿದರೂ ನಮ್ಮ ತುಮಕೂರು ಜಿಲ್ಲೆಯಲ್ಲಿ ಜನ ಕೂರುವುದಿಲ್ಲ ಎಂದು ಮೂರು ವರ್ಷ ನನಗೆ ಬುದ್ಧಿ ಹೇಳಿದ ಡ್ರಾಮಾ ಮೇಷ್ಟ್ರುಗಳು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಹೋದ ಶಿವರಾತ್ರಿ ಕಳೆದ ಮೇಲೆ ಗುಬ್ಬಿ ಕಡೆಯ ಒಂದೂರಲ್ಲಿ ರಾತ್ರಿ ಎರಡೂವರೆಗೆ ಪರದೆ ಬಿಟ್ಟೆವು. ಸೌಂಡ್ ಸಿಸ್ಟಮ್‌ನವರು ವೈರು ಸುತ್ತುತ್ತಿದ್ದರೂ ಮುನ್ನೂರು ಜನ ಎದ್ದಿರಲಿಲ್ಲ. ಬಲಶಾಲಿ ಸ್ನೇಹಿತ ಕರೆದ ಅಂತ ಒಂದು ದೇಶ ಇನ್ಯಾರದೋ ನೆಲಕ್ಕೆ ತನ್ನ ಹುಡುಗರನ್ನು ಕಳಿಸಬೇಕಾ ಬೇಡವಾ ಎಂದು ಅಡಿಕೆ ಮಂಡಿ ಸಾಹುಕಾರರೂ ಡೇರಿ ಸೆಕ್ರೆಟರಿಯೂ ವಾದಕ್ಕೆ ಬಿದ್ದಿದ್ದರು. ಇಪ್ಪತ್ತಾರು ವರ್ಷದಿಂದ ಹಾರ್ಮೋನಿಯಂ ಹಿಡಿದಿದ್ದೇನೆ, ಇಂಥ ರಾತ್ರಿ ನೋಡಿರಲಿಲ್ಲ.

ಈ ಪ್ರಶ್ನೆಯನ್ನು ರಂಗಕ್ಕೆ ತರಲು ಹೋಗಿ ಮೊದಲ ಸಲ ಕೈ ಸುಟ್ಟುಕೊಂಡೆ. ಆಸ್ಟ್ರೇಲಿಯಾ ಕಥೆ ಆರಿಸಿದ್ದೆ. 1965ರ ಏಪ್ರಿಲ್ 29ರಂದು ಪ್ರಧಾನಿ ರಾಬರ್ಟ್ ಮೆಂಜಿಸ್, ಅಮೆರಿಕ ಯುದ್ಧ ಮಾಡುತ್ತಿದ್ದ ವಿಯೆಟ್ನಾಂಗೆ ಒಂದು ಬೆಟಾಲಿಯನ್ ಕಳಿಸುತ್ತೇವೆಂದು ಪಾರ್ಲಿಮೆಂಟಿನಲ್ಲಿ ಹೇಳಿದರು. ನಾಳೆ ನಮ್ಮ ಕಷ್ಟಕ್ಕೆ ಅಮೆರಿಕ ಬರಬೇಕಾದರೆ ಇವತ್ತು ಅದರ ಹಿಂದೆ ನಾವು ಹೋಗಬೇಕು, ಇನ್ಶೂರೆನ್ಸ್ ಕಂತು ಕಟ್ಟಿದ ಹಾಗೆ, ಎಂಬುದು ಅಲ್ಲಿನವರ ಲೆಕ್ಕ. ಎರಡು ಗಂಟೆಯ ನಾಟಕ ಬರೆದೆ. ಕೋಟು, ಹ್ಯಾಟು ಬಾಡಿಗೆ, ಸೀನರಿ, ಲೈಟು, ಊಟ ಎಲ್ಲ ಸೇರಿ 70,000 ಹತ್ತಿರ ಹೋಯಿತು. ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ನಾಟಕ ಏಳುವುದು ಪಾತ್ರ ಹಾಕುವವರೇ ಕಟ್ಟುವ ದುಡ್ಡಿನಿಂದ. ದುರ್ಯೋಧನನಿಗೆ, ಕೃಷ್ಣನಿಗೆ ಪೈಪೋಟಿ ಮೇಲೆ ಕಟ್ಟುತ್ತಾರೆ. ಮೆಂಜಿಸ್‌ಗೆ ಯಾರು ಕಟ್ಟುತ್ತಾರೆ? ಕೈಯಿಂದ 40,000 ಹಾಕಿದೆ. ಅರ್ಧ ಗಂಟೆಯಲ್ಲೇ ಜನ ಚಾಪೆ ಮಡಚಿದರು.

ಎರಡನೆಯ ಸಲ, ಅಮೆರಿಕದ ಹಿಂದೆ ಬ್ರಿಟನ್ ಹೋದ 2003ರ ಇರಾಕ್ ಯುದ್ಧ. ಕೋಟು ಬಿಟ್ಟು ಸೂತ್ರಧಾರನ ಕೈಲಿ ಲೆಕ್ಕ ಓದಿಸಿದೆ. ಮಾರ್ಚ್ 18ರಂದು ಬ್ರಿಟನ್ನಿನ ಕೆಳಮನೆಯಲ್ಲಿ ಯುದ್ಧಕ್ಕೆ 412 ವೋಟು, ವಿರುದ್ಧ 149. ಇರಾಕಿನಲ್ಲಿ ಸತ್ತ ಬ್ರಿಟಿಷ್ ಸೈನಿಕರು 179. ಅದೂ ಬಿದ್ದುಹೋಯಿತು. ಆದರೆ ಆ ರಾತ್ರಿ ಮುಂದಿನ ಸಾಲಿನಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರು ಟೀ ಅಂಗಡಿ ಹತ್ತಿರ ನಿಲ್ಲಿಸಿಕೊಂಡು, "ಮೇಷ್ಟ್ರೇ, ಕಳಿಸೋರೆಲ್ಲ ಮಾತಾಡಿದ್ರು. ಹೋಗೋನು ಒಬ್ಬನೂ ಸ್ಟೇಜ್ ಹತ್ತಲಿಲ್ವಲ್ಲ" ಎಂದರು. ಮಾರನೇ ದಿನ ಆ ಸ್ಕ್ರಿಪ್ಟನ್ನೇ ಹರಿದು ಹಾಕಿದೆ.

ಮೂರನೆಯ ಸಲ ಕುರುಕ್ಷೇತ್ರದ ಒಳಗಿನಿಂದಲೇ ಹೊರಟೆ. ಹೊತ್ತಾಯಿತು ಅಂತ ನಾವೆಲ್ಲ ಕತ್ತರಿಸುವ ಶಲ್ಯನನ್ನು ಹಿಡಿದುಕೊಂಡೆ. ನಕುಲ ಸಹದೇವರ ಸೋದರಮಾವ, ಪಾಂಡವರ ಕಡೆ ಸೇರಲೆಂದೇ ಸೈನ್ಯ ಕಟ್ಟಿಕೊಂಡು ಹೊರಟವನು. ದಾರಿಯುದ್ದಕ್ಕೂ ಚಪ್ಪರ, ಊಟ, ಉಪಚಾರ. ಮಾಡಿಸಿದವರು ಯಾರೆಂದು ಕೇಳದೆ ಉಂಡು, ಸಂತೋಷಕ್ಕೆ ವರ ಕೊಡುತ್ತೇನೆ ಎಂದುಬಿಟ್ಟ. ಮಾಡಿಸಿದ್ದವನು ದುರ್ಯೋಧನ, ಕೇಳಿದ ವರ ತನ್ನ ಕಡೆ ಸೇರಬೇಕು ಎಂದು. ಆ ಊಟವನ್ನು ಹದಿನೈದು ನಿಮಿಷ ಬೆಳೆಸಿದೆ. ಬಾಳೆ ಎಲೆ, ಹೋಳಿಗೆ, ತುಪ್ಪ ಎಲ್ಲ ನಿಜದ್ದೇ, ತುಪ್ಪದ ವಾಸನೆ ಮುಂದಿನ ಸಾಲಿಗೆ ಬಡಿಯಬೇಕು. ಅವನು ಉಣ್ಣುತ್ತಿರುವಾಗಲೇ ಸೂತ್ರಧಾರ ಪಕ್ಕದಲ್ಲಿ ನಿಂತು ಹೇಳುತ್ತಾನೆ: ಪಾರ್ಲಿಮೆಂಟ್ ವೋಟಿಗೆ ಎಂಟು ತಿಂಗಳು ಮುಂಚೆ, 2002ರ ಜುಲೈನಲ್ಲೇ, ಏನೇ ಆಗಲಿ ನಿಮ್ಮ ಜೊತೆಗಿರುತ್ತೇನೆ ಎಂದು ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಬರೆದಿದ್ದರು. 2016ರಲ್ಲಿ, ಆ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ವಿಚಾರಣೆಯ ಚಿಲ್ಕಾಟ್ ವರದಿಯ ಜೊತೆ ಆ ಕಾಗದ ಹೊರಗೆ ಬಂತು. ಒಬ್ಬ ಅಜ್ಜಿ "ಅಯ್ಯೋ ಶಿವನೇ, ಆಗ್ಲೇ ಉಂಡ್‌ಬಿಟ್ಟಿದ್ನಾ" ಎಂದರು. ಆಗಲೇ ನನಗೆ ಗೊತ್ತಾಯಿತು, ಈ ಸಲ ಹತ್ತುತ್ತದೆ ಎಂದು.

ಆಮೇಲೆ ಅಡಿಕೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಇಪ್ಪತ್ತರ ಹುಡುಗರನ್ನು ಸೈನ್ಯಕ್ಕೆ ಎಳೆದದ್ದು ಹುಟ್ಟಿದ ತಾರೀಖಿನ ಲಾಟರಿಯಿಂದ. ಪೀಪಾಯಿಯೊಳಗೆ ನಂಬರ್ ಬರೆದ ಮರದ ಗೋಲಿ, ಯಾವ ತಾರೀಖು ಬಂತೋ ಆ ದಿನ ಹುಟ್ಟಿದವರನ್ನು ಕರೆಯುತ್ತಿದ್ದರು. ಆಗ ಅಲ್ಲಿ ವೋಟಿನ ವಯಸ್ಸು 21! ನಾನು 31 ಒಣ ಅಡಿಕೆಗೆ ನಂಬರ್ ಬರೆದು ಹಾಲಿನ ಕ್ಯಾನಿಗೆ ಹಾಕಿದೆ. ಮಾರ್ಕರ್ ನಿಲ್ಲಲಿಲ್ಲ, ಪೇಂಟು ಉದುರಿತು, ಕೊನೆಗೆ ನಿಂತದ್ದು ಮಗಳ ನೈಲ್ ಪಾಲಿಶ್. ಮೊದಲ ದಿನ ಇಡೀ ಸಭೆಯನ್ನು ಸೇರಿಸಿಕೊಂಡದ್ದು ತಪ್ಪಾಯಿತು. ಹಿರಿಯರಲ್ಲಿ ಎಷ್ಟೋ ಜನಕ್ಕೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1ನೇ ತಾರೀಖೇ ಹುಟ್ಟಿದ ದಿನ. ಒಂದನೇ ನಂಬರ್ ಬಂದಾಗ ಅರ್ಧ ಊರು ಎದ್ದು ನಿಂತು ಆಟ ಕೆಟ್ಟಿತು. ಈಗ ಹದಿನೆಂಟರಿಂದ ಇಪ್ಪತ್ತೈದರ ಹುಡುಗರು ಮಾತ್ರ. ಐದು ಅಡಿಕೆ ತೆಗೆಯುತ್ತೇನೆ, ಆ ತಾರೀಖಿನವರು ರಂಗದ ಮೇಲೆ ಬಂದು ಕೊನೆತನಕ ಸುಮ್ಮನೆ ನಿಲ್ಲಬೇಕು. ಅವರು ನಿಂತ ಮೇಲೆಯೇ ಅಂಕಿ ಓದಿಸುವುದು: ವಿಯೆಟ್ನಾಂಗೆ ಹೋದ ಆಸ್ಟ್ರೇಲಿಯನ್ನರು ಸುಮಾರು 60,000, ಸತ್ತವರು 500ಕ್ಕೂ ಹೆಚ್ಚು, ಅವರಲ್ಲಿ ಸುಮಾರು 200 ಮಂದಿ ಲಾಟರಿಯಲ್ಲಿ ಹೋದವರು. ಯಾರೂ ಕೆಮ್ಮುವುದಿಲ್ಲ. ಕ್ಯಾನಿನ ತಳಕ್ಕೆ ಏನು ಹಾಸಬೇಕು, ಮೈಕು ಎಲ್ಲಿ ಹಿಡಿದರೆ ಎದೆ ನಡುಗುವ ಆ ಸದ್ದು ಬರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ಕ್ಯಾನು ಹಾಳು ಮಾಡಿ ಕಲಿತದ್ದು.

ಕಷ್ಟ ಕೊಟ್ಟವನು ಕರ್ಣ. ಉಪ್ಪಿನ ಋಣ ತೀರಿಸದವನು ಒಬ್ಬ ಮನುಷ್ಯನಾ ಎಂದು ತುರುವೇಕೆರೆ ಕಡೆ ಒಬ್ಬರು ರಂಗದ ಹತ್ತಿರಕ್ಕೇ ಬಂದು ಕೇಳಿದರು. ಬಲರಾಮ ಎರಡೂ ಕಡೆ ಬೇಡವೆಂದು ತೀರ್ಥಯಾತ್ರೆಗೆ ಹೋದದ್ದನ್ನು ಆಡಿಸಿ ನೋಡಿದೆ, ಶಿಳ್ಳೆ ಹೊಡೆದು ಕೂರಿಸಿದರು. ಯುದ್ಧ ಮಾಡುವುದಿಲ್ಲವೆಂದು ವಿದುರ ಬಿಲ್ಲು ಮುರಿಯುವುದನ್ನು ಇಟ್ಟೆ, ಅರೆಮನಸ್ಸಿನಿಂದ ಒಪ್ಪಿದರು. ಕಡೆಗೆ ಕರ್ಣನ ಬಾಯಲ್ಲೇ ಮಾತು ಇಟ್ಟೆ. ಆ ಹುಡುಗರ ಕಡೆ ಕೈ ತೋರಿಸಿ, "ನನ್ನ ಋಣಕ್ಕೆ ನನ್ನ ತಲೆ ಕೊಟ್ಟೆ. ನಿಮ್ಮ ಋಣಕ್ಕೆ ಯಾರ ತಲೆ ಕೊಡುತ್ತಿದ್ದೀರಿ?" ಎಂದು ಅವರನ್ನು ಯುದ್ಧಕ್ಕೆ ಕಳಿಸುವ ಮಂತ್ರಿಯನ್ನು ಕೇಳುತ್ತಾನೆ.

ನಾನು ನಂಬಿರುವುದೂ ಇದನ್ನೇ. ಆವತ್ತು ಸಾಹುಕಾರರು, "ನಾಳೆ ನಮ್ಮ ಮೇಲೆ ಬಿದ್ರೆ ಯಾರು ಬರ್ತಾರೆ ಮೇಷ್ಟ್ರೇ?" ಎಂದರು. ಒಳ್ಳೆಯ ಪ್ರಶ್ನೆ. ಸ್ನೇಹಿತನ ಮನೆಗೆ ಬೆಂಕಿ ಬಿದ್ದರೆ ಕೊಡ ಹಿಡಿದು ಓಡಲೇಬೇಕು. ಅವನು ಇನ್ನೊಬ್ಬರ ಮನೆ ಮೇಲೆ ಹೋಗುವಾಗ ದೊಣ್ಣೆ ಹಿಡಿದು ಹಿಂದೆ ಹೋಗುವುದು ಬೇರೆ. ಬರಲ್ಲ ಎಂದರೆ ನಂಟು ಹರಿಯುತ್ತದೆ ಎಂಬ ಹೆದರಿಕೆಗೂ ಆಧಾರ ಕಡಿಮೆ. ಅಮೆರಿಕದ ಅಧ್ಯಕ್ಷ ಜಾನ್ಸನ್ ಎಷ್ಟು ಕೇಳಿದರೂ ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ವಿಯೆಟ್ನಾಂಗೆ ಬ್ರಿಟಿಷ್ ಸೈನ್ಯ ಕಳಿಸಲಿಲ್ಲ. 2003ರಲ್ಲಿ ಕೆನಡಾದ ಪ್ರಧಾನಿ ಕ್ರೆಟಿಯನ್ ಇರಾಕ್ ಯುದ್ಧಕ್ಕೆ ಬರುವುದಿಲ್ಲ ಎಂದರು. ಅದೇ ವರ್ಷ ಜುಲೈನಲ್ಲಿ ನಮ್ಮ ವಾಜಪೇಯಿ ಸರ್ಕಾರವೂ ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಇರಾಕಿಗೆ ಸೈನ್ಯ ಕಳಿಸುವುದಿಲ್ಲ ಎಂದಿತು. ಮೂರೂ ದೇಶಗಳ ಜೊತೆ ಅಮೆರಿಕದ ಸಂಬಂಧ ಉಳಿದೇ ಇದೆ.

ಖರ್ಚು ಕೇಳುವವರಿಗೆ: ಮಾಮೂಲಿ ಕುರುಕ್ಷೇತ್ರದ ಮೇಲೆ ಹೆಚ್ಚೆಂದರೆ 1,500, ಅದೂ ಹೋಳಿಗೆ ಊಟಕ್ಕೆ. ಯಾರಿಗೂ ಬೇಡವಾಗಿದ್ದ ಶಲ್ಯನ ಪಾತ್ರಕ್ಕೆ ಈಗ 8,000 ಕಟ್ಟಲು ಇಬ್ಬರು ನಿಂತಿದ್ದಾರೆ.

ಸದ್ಯಕ್ಕೆ ಕೈ ಹಾಕಿರುವುದು ಟರ್ಕಿಗೆ. ತನ್ನ ನೆಲದ ಮೇಲಿಂದ ಇರಾಕಿಗೆ ನುಗ್ಗಲು ಅಮೆರಿಕ ದಾರಿ ಕೇಳಿದಾಗ, 2003ರ ಮಾರ್ಚ್ 1ರಂದು ಅಲ್ಲಿನ ಪಾರ್ಲಿಮೆಂಟಿನಲ್ಲಿ ಹೌದು 264, ಬೇಡ 250, ತಟಸ್ಥ 19. ಹೌದು ಹೆಚ್ಚಿದ್ದರೂ ಹಾಜರಿದ್ದವರ ಅರ್ಧ ದಾಟದೆ ಪ್ರಸ್ತಾಪ ಬಿತ್ತು. ಸಭೆಗೆ ಹುಣಸೆ ಬೀಜ ಹಂಚಿ, ಮೂರು ಮಡಕೆ ಇಟ್ಟು ಹಾಗೇ ವೋಟು ಹಾಕಿಸಿದೆ. ಎಣಿಸಲು ಮುಕ್ಕಾಲು ಗಂಟೆ ಹಿಡಿದು ಜನ ತೂಕಡಿಸಿದರು. ಇನ್ನು ಎಣಿಸುವುದಿಲ್ಲ, ತೂಗಿಬಿಡುತ್ತೇನೆ. ಮಂಡಿ ಸಾಹುಕಾರರು ಹಳೇ ತಕ್ಕಡಿ ಕೊಡುತ್ತೇನೆ ಎಂದಿದ್ದಾರೆ, ಮುಂದಿನ ವಾರ ತರಬೇಕು.